‘ಮೊರ್ಗೆನ್’ ಅಂದ್ರೆ ಬೆಳಗ್ಗೆನಾ, ನಾಳೆನಾ?

ಒಂದೇ ಒಂದು ಪದ ತಪ್ಪಾಗಿ ಓದಿಕೊಂಡು ಬಾಡಿಗೆ ಮನೆ ಕಳ್ಕೊಂಡವನು ನಾನು.

ಕೆಲಸಕ್ಕೆ ಅಂತ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಹೊಸತು. ಹೆಂಡತಿ ಮತ್ತು ಮೂರು ವರ್ಷದ ಮಗಳು ಇನ್ನೂ ಮೈಸೂರಿನಲ್ಲೇ ಇದ್ದರು. ಮನೆ ಸಿಕ್ಕ ಮೇಲೇ ಟಿಕೆಟ್ ಬುಕ್ ಮಾಡೋದು ಅಂತ ಮಾತಾಗಿತ್ತು. ಮೂವತ್ತಕ್ಕೂ ಹೆಚ್ಚು ಮೇಲ್ ಹಾಕಿದ ಮೇಲೆ ಒಬ್ಬ ಮಾಲೀಕರು ಉತ್ತರ ಕೊಟ್ಟರು. ‘ಮನೆ ಯಾವಾಗ ನೋಡಬಹುದು?’ ಅಂತ ರಾತ್ರಿ ಕೇಳಿದ್ದೆ. ಬೆಳಗ್ಗೆ 7.40ಕ್ಕೆ ಜರ್ಮನ್‌ನಲ್ಲಿ ಮೆಸೇಜ್ ಬಂತು: ‘ಮೊರ್ಗೆನ್, ಹತ್ತು ಗಂಟೆ ಆಗುತ್ತೆ.’

ಮೊರ್ಗೆನ್ ಅಂದ್ರೆ ನಾಳೆ ಅಂತ ಕ್ಲಾಸಿನಲ್ಲಿ ಕಲಿತಿದ್ದೆ. ನಿಶ್ಚಿಂತೆಯಿಂದ ಆಫೀಸಿಗೆ ಹೋದೆ. ಮರುದಿನ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು, ಸ್ಯಾಲರಿ ಸ್ಲಿಪ್ಪಿನ ಫೈಲ್ ಹಿಡ್ಕೊಂಡು ಹೋಗಿ ಬೆಲ್ ಒತ್ತಿದರೆ, ‘ನಿನ್ನೆಯೇ ಕಾದಿದ್ದೆನಲ್ಲ. ಮನೆ ಬೇರೆಯವರಿಗೆ ಕೊಟ್ಟಾಯ್ತು’ ಅಂದರು.

ಅವರು ಬರೆದದ್ದು ‘ನಾಳೆ ಹತ್ತು ಗಂಟೆ’ ಅಂತ ಅಲ್ಲ, ‘ಗುಡ್ ಮಾರ್ನಿಂಗ್, ಹತ್ತು ಗಂಟೆ’ ಅಂತ. ಪರಿಚಯದ ಮಾತಿನಲ್ಲಿ ಇಲ್ಲಿನವರು ‘ಗುಟೆನ್ ಮೊರ್ಗೆನ್’ನ ಮೊದಲ ಪದ ನುಂಗಿಬಿಡ್ತಾರೆ. ಬರವಣಿಗೆಯಲ್ಲಿ ಬೆಳಗ್ಗೆ ಅನ್ನುವ ನಾಮಪದಕ್ಕೆ ದೊಡ್ಡಕ್ಷರ, ನಾಳೆಗೆ ಚಿಕ್ಕಕ್ಷರ. ಆದರೆ ವಾಕ್ಯದ ಮೊದಲ ಪದಕ್ಕೆ ಹೇಗಿದ್ದರೂ ದೊಡ್ಡಕ್ಷರವೇ. ನಾನು ಬಿದ್ದದ್ದು ಆ ಹಳ್ಳಕ್ಕೆ.

‘ರೀ, ಮನೆ ಏನಾಯ್ತು?’ ಅಂತ ಹೆಂಡತಿ ಕೇಳಿದಾಗ ಏನು ಹೇಳೋದು! ಆ ರಾತ್ರಿ ನಿದ್ದೆ ಬರಲಿಲ್ಲ. ಬಗ್ ಎಲ್ಲಿದೆ ಅಂತ ಹುಡುಕೋದು ನಮ್ಮ ಕಸುಬು ತಾನೆ? ಈ ಪದದ ಬೇರು ಹುಡುಕುತ್ತಾ ಕೂತೆ.

ಗೊಂದಲ ಜರ್ಮನ್ನಿನಲ್ಲಿ ಮಾತ್ರ ಅಲ್ಲ. ಡಚ್ಚರ ‘ಮೊರ್ಗೆನ್’ಗೂ ಇವೇ ಎರಡು ಅರ್ಥ. ಡ್ಯಾನಿಶ್, ಸ್ವೀಡಿಷ್, ನಾರ್ವೇಜಿಯನ್ನರು ಬೆಳಗ್ಗೆಯ ಪದದ ಹಿಂದೆ ‘ಇ’ ಅಂತ ಒಂದು ಪುಟ್ಟ ಪದ ಇಟ್ಟು ‘ನಾಳೆ’ ಮಾಡಿಕೊಳ್ತಾರೆ. ಹಳೆಯ ಇಂಗ್ಲಿಷಿನಲ್ಲೂ ಬೆಳಗ್ಗೆಗೆ ‘ಮೊರ್ಗೆನ್’ ಅಂತಲೇ ಇತ್ತು. ಅದು ಸವೆದು ‘ಮಾರೋ’ ಆಯ್ತು, ಅದರಿಂದ ‘ಟುಮಾರೋ’ ಬಂತು. ಆಮೇಲೆ ಸಂಜೆಯ ‘ಈವ್ನಿಂಗ್’ ನೋಡಿ, ಅದೇ ಬಾಲ ಅಂಟಿಸಿ ‘ಮಾರ್ನಿಂಗ್’ ಮಾಡಿಕೊಂಡರು. ಹೀಗೆ ಇಂಗ್ಲಿಷಿನಲ್ಲಿ ಬೆಳಗ್ಗೆ ಬೇರೆ, ನಾಳೆ ಬೇರೆ ಆಯ್ತು. ಜರ್ಮನ್ನರು ಮಾತ್ರ ಇವತ್ತಿಗೂ ‘ನಾಳೆ ಬೆಳಗ್ಗೆ’ ಅನ್ನಬೇಕಾದರೆ ‘ಮೊರ್ಗೆನ್ ಮೊರ್ಗೆನ್’ ಅನ್ನಲಾಗದೆ ‘ಮೊರ್ಗೆನ್ ಫ್ರ್ಯೂ’, ಅಂದರೆ ‘ನಾಳೆ ಬೇಗ’ ಅಂತಾರೆ.

ಒಂದೇ ಪದಕ್ಕೆ ಎರಡು ಅರ್ಥ ಯಾಕೆ? ಸಂಜೆ ಕೂತು ‘ಬೆಳಗ್ಗೆ ನೋಡೋಣ’ ಅಂದರೆ ಯಾವ ಬೆಳಗ್ಗೆ? ಮರುದಿನದ್ದೇ ತಾನೆ. ಹಾಗೆ ಹೇಳ್ತಾ ಹೇಳ್ತಾ ಬೆಳಗ್ಗೆಯೇ ನಾಳೆ ಆಯ್ತು. ಸ್ಪ್ಯಾನಿಷ್‌ನ ‘ಮನ್ಯಾನಾ’ ಕತೆಯೂ ಇದೇ.

ಇದೇ ಪದ ಹೊಲ ಅಳೆಯೋಕೂ ಹೋಗಿದೆ! ಒಂದು ಬೆಳಗ್ಗೆಯಲ್ಲಿ ಉಳಬಹುದಾದಷ್ಟು ನೆಲಕ್ಕೆ ಒಂದು ‘ಮೊರ್ಗೆನ್’ ಅಂತಿದ್ದರು. ಪ್ರಶ್ಯದ ಮೊರ್ಗೆನ್ ಸುಮಾರು 2,553 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ 25 ಗುಂಟೆ. ನಮ್ಮ ಹಳ್ಳಿಗಳಲ್ಲಿ ‘ಇಷ್ಟು ಖಂಡುಗ ಬಿತ್ತೋ ಹೊಲ’ ಅಂತ ಬೀಜದಲ್ಲಿ ಅಳೆಯುತ್ತಿದ್ದರಲ್ಲ, ಅವರು ಹೊತ್ತಿನಲ್ಲಿ ಅಳೆದರು.

ಇನ್ನೂ ಹಿಂದಕ್ಕೆ ಹೋದರೆ, ‘ಮೊರ್ಗೆನ್’ನ ಮೂಲ ಧಾತುವಿಗೆ ‘ಮಿಣುಕು’ ಅನ್ನುವ ಅರ್ಥ ಇತ್ತು ಅಂತ ಹಲವು ಭಾಷಾತಜ್ಞರು ಹೇಳ್ತಾರೆ. ಲಿಥುವೇನಿಯನ್ ಭಾಷೆಯ ‘ಮಿರ್ಗೆತಿ’ (ಮಿನುಗು) ಅದರ ನೆಂಟ ಅಂತೆ. ಅಂದರೆ ಅದು ಬಿಸಿಲು ಹರಡಿದ ಬೆಳಗ್ಗೆಯಲ್ಲ, ಕತ್ತಲೆಯಲ್ಲಿ ಬೆಳಕು ಮೊದಲು ಮಿಣುಕುವ ಹೊತ್ತು. ಡಚ್ಚರ ಬಳಿ ಬೆಳಗ್ಗೆಗೆ ‘ಓಖ್ಟೆಂಡ್’ ಅಂತ ಇನ್ನೊಂದು ಪದ ಇದೆ. ಹಳೆಯ ಇಂಗ್ಲಿಷಿನ ‘ಊಹ್ಟಾ’ ಅದರ ಬಂಧು. ಅದರ ಅರ್ಥ, ಬೆಳಕು ಹರಿಯುವ ಮುಂಚಿನ ಹೊತ್ತು. ಇವುಗಳ ಬೇರು ಇರೋದು ರಾತ್ರಿಯಲ್ಲಿ. ನಮ್ಮ ‘ನಕ್ತ’ ವ್ರತದ ಸಂಸ್ಕೃತ ‘ನಕ್ತ’ ಕೂಡ ಅದೇ ಬೇರಿನದು. ಬೆಳಗ್ಗೆಗೆ ಹೆಸರಿಟ್ಟವರು ಕತ್ತಲಲ್ಲಿ ಎದ್ದು ಕೂತಿದ್ದವರೇ ಇರಬೇಕು.

ಕನ್ನಡದಲ್ಲಿ ನಾವು ಬಚಾವ್. ‘ಬೆಳಗ್ಗೆ’ ಬಂದದ್ದು ಬೆಳಕಿನ ‘ಬೆಳಗು’ವಿನಿಂದ. ‘ನಾಳೆ’ ಬಂದದ್ದು ದಿನ ಅನ್ನುವ ಅರ್ಥದ ‘ನಾಳ್’ನಿಂದ. ಎರಡೂ ಬೇರೆ ಬೇರೆ. ಹಾಗಂತ ನಮ್ಮ ಮನೆಯಲ್ಲಿ ಗೊಂದಲ ಇಲ್ಲ ಅಂತಲ್ಲ. ಅದೇ ವಾರ ವಿಡಿಯೊ ಕಾಲ್‌ನಲ್ಲಿ ಮಗಳು, ‘ಅಪ್ಪ, ನಾಳೆ ನಾನು ಝೂಗೆ ಹೋಗಿದ್ದೆ’ ಅಂದಳು. ‘ನಾಳೆ ಅಲ್ಲ ಪುಟ್ಟಾ, ನಿನ್ನೆ’ ಅಂತ ತಿದ್ದೋಕೆ ಹೊರಟವನು ಸುಮ್ಮನಾದೆ. ನಾಲ್ಕನೇ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಬೈಬಲನ್ನು ಗಾಥಿಕ್ ಭಾಷೆಗೆ ತಂದಾಗ, ಅದರಲ್ಲಿ ಒಂದು ಕಡೆ ನಾಳೆಗೆ ‘ಗಿಸ್ತ್ರದಗಿಸ್’ ಅನ್ನುವ ಪದ ಬಂದಿದೆ. ಅದು ಇಂಗ್ಲಿಷಿನ ‘ಯೆಸ್ಟರ್‌ಡೇ’ಯ ಒಡಹುಟ್ಟು! ಹಿಂದಿಯ ‘ಕಲ್’ಗೂ ನಿನ್ನೆ, ನಾಳೆ ಎರಡೂ ಒಂದೇ. ಅವರೆಲ್ಲ ನಡೆಸಿಕೊಂಡು ಹೋಗಿದ್ದಾರೆ, ಇನ್ನು ಮೂರು ವರ್ಷದ ಮಗುವನ್ನು ಏನು ತಿದ್ದೋದು.

ಎರಡು ತಿಂಗಳ ಮೇಲೆ ಇನ್ನೊಬ್ಬ ಮಾಲೀಕರಿಂದ ಮೆಸೇಜ್ ಬಂತು: ‘ಮೊರ್ಗೆನ್! ಐದು ಗಂಟೆಗೆ ಬನ್ನಿ.’ ಈ ಸಲ ನಾಚಿಕೆ ಬಿಟ್ಟು ಕೇಳಿದೆ, ‘ಇವತ್ತಾ, ನಾಳೆನಾ?’

‘ಇವತ್ತು’ ಅಂದರು. ನಾಲ್ಕೂಮುಕ್ಕಾಲಿಗೇ ಅವರ ಮನೆ ಮುಂದೆ ನಿಂತಿದ್ದೆ. ಆ ರಾತ್ರಿಯೇ ಟಿಕೆಟ್ ಬುಕ್ ಮಾಡಿದ್ವಿ.