ರಿಸರ್ಚ್ ಅಸಿಸ್ಟೆಂಟ್ ಆದರೆ ಪಿಜಿ ಸೀಟು ಸುಲಭವೇ?

ಎಂಬಿಬಿಎಸ್ ಮುಗಿದು, 12 ತಿಂಗಳ ಇಂಟರ್ನ್‌ಶಿಪ್ ಕೂಡ ಆಯಿತು. ಬಯಸಿದ ಪಿಜಿ ಸೀಟು ಮಾತ್ರ ಈ ಸಲ ಸಿಗಲಿಲ್ಲ. ಮೈಸೂರಿನ ಯುವ ವೈದ್ಯರಿಗೆ ಆಗ ಸಾಮಾನ್ಯವಾಗಿ ಸಿಗುವ ಸಲಹೆ: ‘ಯಾವುದಾದರೂ ಸಂಶೋಧನೆಗೆ ಸೇರಿಕೋ, ಮುಂದಿನ ವರ್ಷ ಸೀಟಿಗೆ ಅನುಕೂಲವಾಗುತ್ತೆ.’ ಇದು ಎಷ್ಟು ನಿಜ?

ಭಾರತದಲ್ಲಿ ಓದುವುದಾದರೆ, ನಿಜವಲ್ಲ. ಎಂಡಿ, ಎಂಎಸ್ ಸೀಟುಗಳು ಹಂಚಿಕೆಯಾಗುವುದು ನೀಟ್ ಪಿಜಿ ರ‍್ಯಾಂಕ್ ಮತ್ತು ಮೀಸಲಾತಿಯ ಆಧಾರದ ಮೇಲೆ. ಏಮ್ಸ್, ನಿಮ್ಹಾನ್ಸ್‌ಗಳಿಗೆ ಐಎನ್‌ಐ ಸಿಇಟಿ ಇದೆ. ಎರಡರಲ್ಲೂ ಸಂಶೋಧನಾ ಅನುಭವಕ್ಕೆ ಅಂಕವಿಲ್ಲ. ಪೂರ್ಣಾವಧಿ ಕೆಲಸ ಓದಿನ ಸಮಯವನ್ನೇ ತಿಂದರೆ ರ‍್ಯಾಂಕ್ ಇನ್ನೂ ಕೆಳಗಿಳಿಯಬಹುದು.

ಅಮೆರಿಕದ ರೆಸಿಡೆನ್ಸಿಯ ಲೆಕ್ಕ ಬೇರೆ. ಯುಎಸ್‌ಎಂಎಲ್‌ಇಯ ಮೊದಲ ಹಂತದಲ್ಲಿ 2022ರ ಜನವರಿಯಿಂದ ಅಂಕವಿಲ್ಲ, ಪಾಸು ಅಥವಾ ಫೇಲು ಮಾತ್ರ. ಹಾಗಾಗಿ ಎರಡನೇ ಹಂತದ ಅಂಕ, ಶಿಫಾರಸು ಪತ್ರ, ಅಲ್ಲಿನ ಆಸ್ಪತ್ರೆಗಳ ಅನುಭವ, ಪ್ರಕಟಿತ ಲೇಖನ ಎಲ್ಲವನ್ನೂ ನೋಡುತ್ತಾರೆ. ಇಲ್ಲಿ ಸಂಶೋಧನೆ ನೆರವಾಗುತ್ತದೆ. ಆದರೆ ಪದವಿ ಪಡೆದು ಎಷ್ಟು ವರ್ಷವಾಯಿತು ಎಂಬುದನ್ನೂ ಹಲವು ಆಸ್ಪತ್ರೆಗಳು ಗಮನಿಸುತ್ತವೆ. ಅಲ್ಲದೆ, ರೋಗಿಗಳನ್ನು ನೋಡಿದ ಅನುಭವಕ್ಕೆ ಸಂಶೋಧನೆ ಬದಲಿಯಲ್ಲ.

ಹಾಗಾದರೆ ಇಲ್ಲಿಯೇ ಓದುವವರಿಗೆ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಸೀಟು ಸಿಕ್ಕ ಮೇಲೆ. ಎಂಡಿ, ಎಂಎಸ್‌ನಲ್ಲಿ ಪ್ರಬಂಧ ಬರೆಯುವುದು ಕಡ್ಡಾಯ. ಆ ಕೆಲಸ ಹೇಗಿರುತ್ತದೆ ಎಂಬುದಕ್ಕೆ ನಮ್ಮೂರಿನಲ್ಲೇ ಒಳ್ಳೆಯ ಉದಾಹರಣೆಯಿದೆ. ನಾವು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ‘ಪಾರ್ಥೆನಾನ್’ ಅಧ್ಯಯನ ಆರಂಭವಾಯಿತು. 800ಕ್ಕೂ ಹೆಚ್ಚು ಗರ್ಭಿಣಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಲಾಯಿತು. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬಿನ ಅಂಶ ಹೆಚ್ಚಿರುವುದು ಕಂಡುಬಂತು. ಇಂಥ ಒಂದು ವಾಕ್ಯದ ಹಿಂದೆ ಕುಟುಂಬಗಳ ಒಪ್ಪಿಗೆ ಪಡೆಯುವುದು, ಅಳತೆ ತೆಗೆಯುವುದು, ತಪ್ಪದೆ ದಾಖಲಿಸುವುದು, ಬಾರದವರನ್ನು ಮತ್ತೆ ಕರೆಸುವುದು ಇರುತ್ತದೆ. ರಿಸರ್ಚ್ ಅಸಿಸ್ಟೆಂಟ್ ಕಲಿಯುವುದು ಇದನ್ನೇ.

ಇನ್ನೊಂದು ತಪ್ಪು ತಿಳಿವಳಿಕೆ: ಕೆಲಸಕ್ಕೆ ಸೇರಿದರೆ ಲೇಖನದಲ್ಲಿ ಹೆಸರು ಬಂದೇ ಬರುತ್ತದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ, ಬರೀ ಮಾಹಿತಿ ಸಂಗ್ರಹಿಸಿದವರು ಲೇಖಕರಾಗುವುದಿಲ್ಲ. ಬರವಣಿಗೆಯಲ್ಲಿ ಅಥವಾ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಕೆಲಸದ ಹೊಣೆಗಾರಿಕೆ ಇವೂ ಬೇಕು.

ಆದ್ದರಿಂದ ಸೇರುವ ಮೊದಲೇ ಕೇಳಿ: ಬರೆಯುವ ಅವಕಾಶ ಇದೆಯೇ? ದಿನಕ್ಕೆ ಎಷ್ಟು ಗಂಟೆ ಕೆಲಸ? ಸಂಬಳ ಎಷ್ಟು, ಎಷ್ಟು ತಿಂಗಳಿಗೆ? ಪರೀಕ್ಷೆಗೆ ಮುನ್ನ ರಜೆ ಸಿಗುತ್ತದೆಯೇ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ವಿದೇಶಕ್ಕೆ ಹೋಗುವವರಿಗೆ, ಸಂಶೋಧನೆಯಲ್ಲೇ ಆಸಕ್ತಿ ಇರುವವರಿಗೆ ಈ ವರ್ಷ ಬಂಡವಾಳ. ನೀಟ್ ರ‍್ಯಾಂಕ್ ಒಂದೇ ಗುರಿಯಾಗಿದ್ದರೆ, ಆ ವರ್ಷವನ್ನು ಓದಿಗೇ ಕೊಡುವುದು ಲೇಸು.