ಆರು ಕಾರ್ಡಿಗೆ ಯಾವ ಮದರ್‌ಬೋರ್ಡ್?

ಒಂದೇ ಕಂಪ್ಯೂಟರಿಗೆ ಆರು ಗ್ರಾಫಿಕ್ಸ್ ಕಾರ್ಡ್ ಹಾಕಿ ಕ್ರಿಪ್ಟೋ ಮೈನಿಂಗ್ ಮಾಡಬೇಕಾ? ಮೊದಲು ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಎಣಿಸಿ. ಉದ್ದನೆಯ ಸ್ಲಾಟೇ ಬೇಕೆಂದಿಲ್ಲ. ಮೈನಿಂಗಿನಲ್ಲಿ ಕಾರ್ಡಿಗೆ ಹೋಗಿಬರುವ ಡೇಟಾ ತೀರಾ ಕಡಿಮೆ. ಪುಟ್ಟ ಎಕ್ಸ್1 ಸ್ಲಾಟಿಗೆ ರೈಸರ್ (ಕಾರ್ಡನ್ನು ಸ್ಲಾಟಿಗೆ ಜೋಡಿಸುವ ಅಡಾಪ್ಟರ್) ಸಿಕ್ಕಿಸಿದರೆ ಸಾಕು. 2017ರಲ್ಲಿ ಬಂದ ಏಸಸ್ ಬಿ250 ಮೈನಿಂಗ್ ಎಕ್ಸ್‌ಪರ್ಟ್‌ನಲ್ಲಿ ಇಂಥ ಸ್ಲಾಟ್ 18, ಉದ್ದನೆಯದು ಒಂದೇ ಒಂದು!

ಬಯಾಸ್‌ನಲ್ಲಿ ‘ಅಬೌವ್ 4ಜಿ ಡಿಕೋಡಿಂಗ್’ ಆಯ್ಕೆ ಇರಲೇಬೇಕು. ಇಲ್ಲದಿದ್ದರೆ ಕಾರ್ಡ್ ಹೆಚ್ಚಿದಂತೆ ಬೂಟೇ ಆಗದಿರಬಹುದು.

ಕರೆಂಟ್ ವಿಷಯದಲ್ಲಿ ಮಾತ್ರ ದಯವಿಟ್ಟು ದುಡ್ಡು ಉಳಿಸಲು ಹೋಗಬೇಡಿ. ರೈಸರಿನ ಉದ್ದನೆಯ ಸ್ಲಾಟಿನಿಂದ ಕಾರ್ಡ್ 75 ವ್ಯಾಟ್‌ವರೆಗೂ ಎಳೆಯಬಹುದು. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು ಬರೀ 54. ಅದರಿಂದ ರೈಸರಿಗೆ ಕರೆಂಟ್ ಕೊಟ್ಟರೆ ಕನೆಕ್ಟರ್ ಕರಗಬಹುದು, ಬೆಂಕಿಯೂ ಹತ್ತಬಹುದು. ರೈಸರಿಗೆ ಆರು ಪಿನ್ ಕೇಬಲ್ಲನ್ನೇ ಕೊಡಿ.

ಇನ್ನೊಂದು, 2022ರ ಸೆಪ್ಟೆಂಬರಿನಿಂದ ಎಥೀರಿಯಂನಲ್ಲಿ ಮೈನಿಂಗೇ ಇಲ್ಲ. ಯಾವ ಕಾಯಿನ್, ಕರೆಂಟ್ ಬಿಲ್ ಎಷ್ಟು ಅಂತ ಲೆಕ್ಕ ಹಾಕಿಯೇ ಬೋರ್ಡ್ ಕೊಳ್ಳಿ.