ನೆಲ ಡೊಂಕೋ, ಕುಣಿತ ಡೊಂಕೋ?

"ಅಪ್ಪಾ, ಈ ಲ್ಯಾಪ್‌ಟಾಪ್ ಭಾಳ ಸ್ಲೋ ಐತಿ. ಹೊಸಾದು ಬೇಕು."

"ತಗೊಂಡು ಇನ್ನಾ ಎರಡು ವರ್ಷ ಆಗಿಲ್ಲಲ್ಲವ್ವಾ!"

ಕುಷ್ಟಗಿಯ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಮಾತಿದು. ಪಿಯುಸಿ ಓದುವ ಮಗಳು ಬ್ರೌಸರ್‌ನಲ್ಲಿ ಗ್ರಾಫಿಕ್ಸ್ ಪರೀಕ್ಷೆಯೊಂದನ್ನು ನಡೆಸಿದ್ದಾಳೆ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ ನೂರಾರು ಮೀನುಗಳು ಈಜುತ್ತಿವೆ, ಮೂಲೆಯಲ್ಲೊಂದು ಅಂಕಿ ಕಾಣುತ್ತಿದೆ. ಗೆಳತಿಯ ಲ್ಯಾಪ್‌ಟಾಪಿನಲ್ಲಿ 60 ಬಂದದ್ದು ತನ್ನದರಲ್ಲಿ 11. ಯಂತ್ರವೇ ದುರ್ಬಲ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದಾಳೆ. ಈ ಸಲದ ದಾಳಿಂಬೆಯ ಹಣದಲ್ಲಿ ಎಷ್ಟು ಉಳಿದೀತು ಎಂದು ತಂದೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾರೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬುದು ಗಾದೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅನೇಕ ಸಲ ನೆಲವೇ ಡೊಂಕಾಗಿರುತ್ತದೆ. ಕುಣಿಯಬಲ್ಲ ಚಿಪ್ಪು ಒಳಗೆ ಸುಮ್ಮನೆ ಕುಳಿತಿರುತ್ತದೆ. ಅದಕ್ಕೆ ಕರೆಯೇ ಹೋಗಿರುವುದಿಲ್ಲ. ಹಣ ಬಿಚ್ಚುವ ಮೊದಲು ಇದನ್ನು ಪರೀಕ್ಷಿಸುವುದು ಜಾಣತನ.

ಅಂಕಿಯ ಅರ್ಥವೇನು?

ಟಾಕೀಸಿನ ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾಯುತ್ತವೆ. ಸಾಮಾನ್ಯ ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಅಂದರೆ ಒಂದು ಚಿತ್ರ ಬಿಡಿಸಲು ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಅಂಕಿ 11 ಬಂದರೆ ಒಂದೊಂದು ಚಿತ್ರಕ್ಕೂ 90 ಮಿಲಿಸೆಕೆಂಡಿನಷ್ಟು ಹಿಡಿಯುತ್ತಿದೆ ಎಂದರ್ಥ.

ಇಲ್ಲೊಂದು ಸೂಕ್ಷ್ಮವಿದೆ. ಪರದೆಯ ವೇಗವನ್ನು ಮೀರಿ ಬ್ರೌಸರ್ ಸಾಮಾನ್ಯವಾಗಿ ಚಿತ್ರ ಬಿಡಿಸುವುದಿಲ್ಲ. ಆದ್ದರಿಂದ 60 ಎಂಬುದು ಪರದೆಯ ಮಿತಿ, ಯಂತ್ರದ ಪೂರ್ಣ ಶಕ್ತಿಯಲ್ಲ. ಈ ಕೊರತೆ ನೀಗಲೆಂದೇ 2016ರಲ್ಲಿ ಬಂದ ಮೋಷನ್‌ಮಾರ್ಕ್‌ನಂಥ ಪರೀಕ್ಷೆಗಳು ಪರದೆಯ ಮೇಲಿನ ಆಕೃತಿಗಳನ್ನು ಹೆಚ್ಚಿಸುತ್ತಾ ಹೋಗಿ, ಯಂತ್ರ ಎಷ್ಟರವರೆಗೆ ತಾಳುತ್ತದೆ ಎಂದು ಅಳೆಯುತ್ತವೆ.

ಬ್ರೌಸರ್ ಹುಟ್ಟಿದ್ದು ಅಕ್ಷರ ಮತ್ತು ಚಿತ್ರ ತೋರಿಸಲು. ಅದರೊಳಗೆ ಮೂರು ಆಯಾಮದ ಚಿತ್ರ ಮೂಡಿಸುವ ಪ್ರಯೋಗವನ್ನು ಮೊಜಿಲ್ಲಾದ ವ್ಲಾದಿಮಿರ್ ವುಕಿಚೆವಿಚ್ 2006ರಲ್ಲಿ ತೋರಿಸಿದರು. 2011ರಲ್ಲಿ ವೆಬ್‌ಜಿಎಲ್ ಎಂಬ ಸರ್ವಸಮ್ಮತ ನಿಯಮಾವಳಿ ಹೊರಬಂತು. ಬ್ರೌಸರ್ ನೇರವಾಗಿ ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಒಪ್ಪಿಸುವ ದಾರಿ ತೆರೆದದ್ದು ಹೀಗೆ.

ಮೊದಲು ತಕ್ಕಡಿ ಸರಿಯಿರಲಿ

ತೂಕಕ್ಕೆ ಮೊದಲು ಖಾಲಿ ತಕ್ಕಡಿಯ ಮುಳ್ಳು ನೋಡುವುದು ರೈತನಿಗೆ ಹೇಳಿಕೊಡಬೇಕಾದ ಪಾಠವಲ್ಲ. ಇಲ್ಲೂ ಅಷ್ಟೆ. ಚಾರ್ಜರ್ ಹಾಕಿರಬೇಕು, ಬ್ಯಾಟರಿ ಉಳಿಸುವ ವ್ಯವಸ್ಥೆ ಆಫ್ ಆಗಿರಬೇಕು, ಬೇರೆ ಪುಟಗಳನ್ನೆಲ್ಲ ಮುಚ್ಚಿರಬೇಕು. ಪರೀಕ್ಷೆಯನ್ನು ಮೂರು ಸಲ ನಡೆಸಿ ನಡುವಿನ ಅಂಕಿಯನ್ನು ಹಿಡಿಯಬೇಕು.

ಗೆಳತಿಯ ಯಂತ್ರದೊಂದಿಗೆ ಹೋಲಿಸುವಾಗ ಮೀನುಗಳ ಸಂಖ್ಯೆಯಷ್ಟೇ ಅಲ್ಲ, ಪರದೆಯ ಚುಕ್ಕಿಗಳ ಸಂಖ್ಯೆಯೂ ಒಂದೇ ಇರಬೇಕು. 1366×768 ಪರದೆಯಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕಿಗಳಿದ್ದರೆ 1920×1080ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಹೊರೆ ಇಮ್ಮಡಿಯಾದವನು ಹಿಂದೆ ಬಿದ್ದರೆ ಅದು ಸೋಲಲ್ಲ.

"ನೆಟ್ವರ್ಕ್ ಸರಿ ಇಲ್ಲ" ಎಂಬುದು ಪಾಲಕರ ಸಾಮಾನ್ಯ ಅನುಮಾನ. ಪರೀಕ್ಷೆಯ ಪುಟ ಪೂರ್ತಿ ತೆರೆದ ಮೇಲೆ ಇಂಟರ್‌ನೆಟ್ ಆಫ್ ಮಾಡಿ ನೋಡಬಹುದು. ಆಗಲೂ ಮೀನುಗಳು ಕುಂಟಿದರೆ ತಪ್ಪು ನೆಟ್ವರ್ಕಿನದಲ್ಲ.

ದುಡಿಯುತ್ತಿರುವವರು ಯಾರು?

ಮುಖ್ಯ ಪ್ರಶ್ನೆ ಇದೇ. ಕ್ರೋಮ್ ಬ್ರೌಸರಿನ ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಜಿಪಿಯು ಎಂದು ಬರೆದರೆ ಒಂದು ವರದಿ ತೆರೆದುಕೊಳ್ಳುತ್ತದೆ. ಅದರಲ್ಲಿ ವೆಬ್‌ಜಿಎಲ್ ಎದುರಿಗೆ 'ಹಾರ್ಡ್‌ವೇರ್ ಆಕ್ಸಿಲರೇಟೆಡ್' ಎಂದಿದ್ದರೆ ಗ್ರಾಫಿಕ್ಸ್ ಚಿಪ್ಪು ದುಡಿಯುತ್ತಿದೆ. 'ಸಾಫ್ಟ್‌ವೇರ್' ಎಂದಿದ್ದರೆ ಆ ಹೊರೆಯನ್ನೆಲ್ಲ ಮುಖ್ಯ ಪ್ರೊಸೆಸರ್ ಹೊತ್ತಿದೆ. ಅಂಕಿ 11ಕ್ಕೆ ಇಳಿಯಲು ಇಷ್ಟು ಸಾಕು.

ಆಗ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬಲ್ಲಿಗೆ ಹೋಗಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆನ್ ಮಾಡಿ, ಬ್ರೌಸರನ್ನು ಮುಚ್ಚಿ ಮತ್ತೆ ತೆರೆಯಬೇಕು. ಆಗಲೂ ಬದಲಾಗದಿದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ನೋಡಬೇಕು. ಅಲ್ಲಿ ಚಿಪ್ಪಿನ ಹೆಸರಿನ ಬದಲು 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಚಿಪ್ಪಿನ ಡ್ರೈವರ್ ಕೂತಿಲ್ಲ. ಡ್ರೈವರ್ ತೀರ ಹಳೆಯದಾಗಿದ್ದರೆ ಬ್ರೌಸರ್ ತಾನೇ ಅದನ್ನು ದೂರವಿಡುವುದೂ ಉಂಟು. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದಲೇ ಹೊಸ ಡ್ರೈವರ್ ಹಾಕಿಕೊಳ್ಳಬೇಕು; ಇದಕ್ಕೆ ಕಾಸು ಖರ್ಚಿಲ್ಲ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ಪುಗಳಿರುತ್ತವೆ. ಬ್ರೌಸರ್ ಯಾವುದನ್ನು ಬಳಸಬೇಕೆಂದು ವಿಂಡೋಸ್‌ನ ಡಿಸ್‌ಪ್ಲೇ ವಿಭಾಗದ ಗ್ರಾಫಿಕ್ಸ್ ಪುಟದಲ್ಲಿ ಆರಿಸಬಹುದು.

ಬಿಸಿಲೂ ಒಂದು ಕಾರಣ

ಏಪ್ರಿಲ್, ಮೇ ತಿಂಗಳಲ್ಲಿ ಕುಷ್ಟಗಿ ಕಡೆ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದಲ್ಲ. ಚಿಪ್ಪು ಕಾದಾಗ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪರೀಕ್ಷೆಯ ಮೊದಲ ನಿಮಿಷ ಅಂಕಿ ಚೆನ್ನಾಗಿದ್ದು ಆಮೇಲೆ ಇಳಿಯತೊಡಗಿದರೆ ಶಾಖದ ಮೇಲೆಯೇ ಅನುಮಾನ ಪಡಬೇಕು. ಗಾದಿಯ ಮೇಲೆ ಇಟ್ಟ ಲ್ಯಾಪ್‌ಟಾಪಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಒಳಗಿನ ಫ್ಯಾನಿಗೆ ಧೂಳು ಹಿಡಿಯುತ್ತದೆ. ಗಟ್ಟಿ ಮೇಜು, ಬೆಳಗಿನ ತಂಪು ಹೊತ್ತು, ಧೂಳು ತೆಗೆಸಿದ ಫ್ಯಾನು: ಇಷ್ಟಾದ ಮೇಲೆ ಮತ್ತೊಮ್ಮೆ ಅಳೆದು ನೋಡಬೇಕು.

ನೋಟ್‌ಬುಕ್ಕಿನ ಪಾಠ

ಇಷ್ಟನ್ನೂ ಒಂದೇ ಸಲ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಅಂಕಿ ನೋಟ್‌ಬುಕ್ಕಿಗೆ. ಪ್ರಯೋಗಾಲಯದಲ್ಲಿ ಮೇಷ್ಟ್ರು ಕಲಿಸುವ ಶಿಸ್ತೂ ಇದೇ ಅಲ್ಲವೇ?

ಅಂಕಿಗಾಗಿ ಓದೋ, ಓದಿಗಾಗಿ ಅಂಕಿಯೋ ಎಂದೂ ಕೇಳಿಕೊಳ್ಳಬೇಕು. ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ವಿಜ್ಞಾನ ಪ್ರಯೋಗಗಳು ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುತ್ತವೆ. ಲೋಲಕ ತೂಗಿಸಲು, ವಿದ್ಯುತ್ ಮಂಡಲ ಜೋಡಿಸಲು ದುಬಾರಿ ಆಟದ ಯಂತ್ರವೇನೂ ಬೇಕಿಲ್ಲ.

ಎಲ್ಲ ಸರಿಪಡಿಸಿದ ಮೇಲೂ ಪಾಠಕ್ಕೆ ಬೇಕಾದ ಕೆಲಸ ನಡೆಯದಿದ್ದರೆ ಹೊಸ ಯಂತ್ರದ ಮಾತು ಎತ್ತಬಹುದು. ಆಗ ಮಗಳ ಕೈಯಲ್ಲಿ ಬರೀ ಹಟವಿರುವುದಿಲ್ಲ, ಅಂಕಿ ತುಂಬಿದ ಒಂದು ಹಾಳೆ ಇರುತ್ತದೆ. ತಂದೆಗೂ ಅದನ್ನು ಓದಿ ಒಪ್ಪುವುದು ಸುಲಭ.